ಮಾತಾಡಿಸಲು ಹೊರಟ ಸೈಕಲ್ಲು

ಸೈಕಲ್ ಹತ್ತಿದವನನ್ನು ಯಾರೂ ಸುಮ್ಮನೆ ಬಿಡುವುದಿಲ್ಲ. ನಿಯಮ ಮುರಿದರೆ ಒಬ್ಬ ತಡೆಯುತ್ತಾನೆ. ನಿಯಮ ಪಾಲಿಸಿದರೆ ಊರೆಲ್ಲ ತಡೆಯುತ್ತದೆ. ಮೊದಲ ಲಾಕ್‌ಡೌನಿನಲ್ಲಿ ನನಗೆ ದಿನಾ ಇದೇ ಆಯಿತು.

ನಾನು ಬಸ್ ಡ್ರೈವರ್ ಆಗಿದ್ದವನು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ. ಇದೇ ನನ್ನ ದಾರಿ, ಇದೇ ನನ್ನ ಜಗತ್ತು. ನಿವೃತ್ತಿಯಾದ ಮೇಲೆ ಸೈಕಲ್ ಹಿಡಿದೆ. ಬಸ್ಸಿಗೆ ಇದ್ದ ನಿಯಮವೇ ಸೈಕಲ್ಲಿಗೂ. ಎಡಕ್ಕೆ ಹೋಗು. ತಿರುಗುವ ಮೊದಲು ಕೈ ತೋರಿಸು. ನಡೆಯುವವರಿಗೆ ದಾರಿ ಬಿಡು. ಉಗುಳಬೇಡ.

ಮಾತು ಕಡಿಮೆ. ಡ್ರೈವರನೊಂದಿಗೆ ಮಾತನಾಡಬೇಡಿ ಎಂದು ಬಸ್ಸಿನಲ್ಲೇ ಬರೆದಿರುತ್ತದೆ. ಅದನ್ನು ನಾನು ಮನೆಯಲ್ಲೂ ಪಾಲಿಸಿಕೊಂಡು ಬಂದೆ.

ಲಾಕ್‌ಡೌನ್ ಶುರುವಾಗಿ ಸ್ವಲ್ಪ ದಿನಕ್ಕೆ ಬ್ಯಾಡಗಿಯಿಂದ ಅಕ್ಕನ ಫೋನ್ ಬಂತು.

“ಏ ತಮ್ಮಾ, ನಿಮ್ಮ ಮಾವಾರು ಮಾಳಿಗಿ ಪಾವಟಿಗಿ ಮ್ಯಾಲಿಂದ ಬಿದ್ದು ಕಾಲ ಮುರಕೊಂಡಾರ. ಪಟ್ಟಿ ಹಾಕಿ ಮನಿಗೆ ಕಳಸ್ಯಾರ. ಮಾತಾಡ್ಸಾಕ ಬಾ.”

ಮಾವ ಎಂದರೆ ಅಕ್ಕನ ಗಂಡ. ನಮ್ಮ ಕಡೆ ಯಾರಾದರೂ ಬಿದ್ದರೆ, ಬೇನೆಯಾದರೆ, ಹೋಗಿ ಮಾತಾಡಿಸಬೇಕು. ಎದುರಿಗೆ ಕುಳಿತು “ಹೆಂಗ ಬಿದ್ರಿ?” ಎಂದು ಕೇಳಬೇಕು. ಬಿದ್ದವರು ಮೊದಲಿನಿಂದ ಹೇಳಬೇಕು. ಅದೇ ಕತೆಯನ್ನು ನಿನ್ನೆ ಬಂದವರಿಗೂ ಹೇಳಿರುತ್ತಾರೆ, ನಾಳೆ ಬರುವವರಿಗೂ ಹೇಳುತ್ತಾರೆ. ಆದರೂ ಹೇಳಬೇಕು, ಆದರೂ ಕೇಳಬೇಕು. ಇದನ್ನು ತಪ್ಪಿಸಿದವನನ್ನು ಬೀಗರು ಜನ್ಮವಿಡೀ ಮರೆಯುವುದಿಲ್ಲ.

“ಫೋನ್ ಕೊಡು, ಮಾತಾಡ್ತೇನಿ” ಎಂದೆ.

“ಫೋನಿನಾಗ ನೀ ಏನ ಮಾತಾಡ್ತಿ? ಹ್ಞೂಂ ಅಂತಿ, ಇಡ್ತಿ. ಅವರು ಮುಂಜಾನಿಂದ ಸಂಜಿತನಕ ಒಂದಸವನ ಅನ್ನಾಕತ್ತಾರ, ನಿನ್ನ ತವರಮನಿಂದ ಒಂದು ನರಪಿಳ್ಳಿ ಬರಲಿಲ್ಲ ಅಂತ. ತವರಮನಿ ಅಂದ್ರ ಈಗ ನೀ ಒಬ್ಬನ. ನನ್ನ ಮಾರಿ ಎಲ್ಲಿ ಇಟ್ಕೊಳ್ಳಲಿ?”

“ಬರ್ತೇನಿ. ಕಾಯ್ದೆ ಮುರದು ಬರೂದಿಲ್ಲ.”

“ಕಾಯ್ದೆ ಮುರೀತೀಯೋ, ನನ್ನ ಮಾನ ಮುರೀತೀಯೋ, ನೋಡ.”

ಎರಡನ್ನೂ ಮುರಿಯಬಾರದು ಎಂದು ಆಗಲೇ ನಿಶ್ಚಯಿಸಿದೆ.

ಗಾಳಿ

ಪಾಸ್ ಕೇಳಲು ಹಾವೇರಿಯಲ್ಲೇ ಕಚೇರಿಗೆ ಹೊರಟೆ. ಬೆಳಗಿನ ಸಡಿಲಿಕೆಯ ಹೊತ್ತು. ಮಾಸ್ಕ್ ಇತ್ತು. ಎಡಬದಿಯಲ್ಲೇ ಇದ್ದೆ. ಸರ್ಕಲ್ಲಿನಲ್ಲಿ ಒಬ್ಬ ಪೊಲೀಸ್ ಪೇದೆ ಲಾಠಿ ಅಡ್ಡ ಹಿಡಿದ.

“ಇಳೀರಿ.”

ಇಳಿದೆ. ಎಲ್ಲಿಗೆ ಎಂದು ಕೇಳಲಿಲ್ಲ. ಕೆಳಗೆ ಕುಕ್ಕರುಗಾಲಲ್ಲಿ ಕುಳಿತು ಹಿಂದಿನ ಗಾಲಿಯ ಗಾಳಿ ಬಿಟ್ಟ. ಸುಸ್ ಎಂದಿತು.

“ಈಗ ನಡಕೊಂತ ಮನಿಗೆ ಹೋಗ್ರಿ.”

ನಾನು ಸೈಕಲ್ ಸ್ಟ್ಯಾಂಡ್ ಹಾಕಿದೆ. ಕ್ಯಾರಿಯರಿಗೆ ಕಟ್ಟಿದ್ದ ಪಂಪು ಬಿಚ್ಚಿದೆ. ದಾರಿಯಲ್ಲಿ ಬೇಕಾಗುವುದನ್ನು ಜೊತೆಗೆ ಒಯ್ಯುವುದು ಡ್ರೈವರನ ಚಾಳಿ. ಗಾಳಿ ಹಾಕತೊಡಗಿದೆ.

“ಏನ ಮಾಡಾಕತ್ತೀರಿ?”

“ಗಾಳಿ ಹಾಕಾಕತ್ತೇನಿ.”

“ನಾ ತಗದದ್ದು ಯಾಕ ಮತ್ತ?”

“ಅದು ನಿಮಗ ಗೊತ್ತು.”

ಅವನು ಮತ್ತೆ ತೆಗೆದ. ನಾನು ಮತ್ತೆ ಹಾಕಿದೆ. ಮಾಸ್ಕಿನೊಳಗೆ ಇಬ್ಬರಿಗೂ ಬೆವರು.

“ಗಾಳಿ ತಗೀಬೇಕು ಅಂತ ಆದೇಶದಾಗ ಐತೇನ್ರಿ?” ಎಂದು ಕೇಳಿದೆ.

“ಇಲ್ಲ.”

“ಹಾಕಬಾರದು ಅಂತ ಐತೇನು?”

ಅವನು ಯೋಚಿಸಿದ. “ಅದೂ ಇಲ್ಲ.”

ಅಷ್ಟರಲ್ಲಿ ಹಾಲಿನವನೊಬ್ಬ ನನ್ನ ಹಿಂದೆ ಬಂದು ನಿಂತ. ಅವನ ಗಾಲಿಯೂ ನೆಲ ಕಚ್ಚಿತ್ತು. ಅವನ ಹಿಂದೆ ಪೇಪರ್ ಹಾಕುವವನು. ಅವನ ಹಿಂದೆ ಹೊಲಕ್ಕೆ ಹೊರಟವರು. ಒಬ್ಬರಿಂದ ಒಬ್ಬರು ದೂರ ನಿಂತಿದ್ದರು. ಆ ಬದಿಯಲ್ಲಿ ಪೇದೆ ತೆಗೆಯುತ್ತಿದ್ದ, ಈ ಬದಿಯಲ್ಲಿ ನಾನು ಹಾಕುತ್ತಿದ್ದೆ.

ಜೀಪಿನಲ್ಲಿ ಸಾಹೇಬರು ಬಂದರು. “ಏನೋ ಇದು, ಪಂಕ್ಚರ್ ಅಂಗಡಿ ತಗದೀಯೇನು?”

“ಇಲ್ಲ ಸರ್. ಗಾಳಿ ತಗದು ಕಳಸಾಕತ್ತೇನಿ.”

“ಎಲ್ಲಾರ ಗಾಲಿ ಕಲ್ಲಿನಂಗ ಅದಾವಲ್ಲೋ!” ಸಾಹೇಬರು ಸುತ್ತ ನೋಡಿದರು. ಗಾಳಿಯಿಲ್ಲದ್ದು ಒಂದೇ ಒಂದು ಗಾಡಿ ಉಳಿದಿತ್ತು, ಬೇಲಿಗೆ ಒರಗಿಸಿದ್ದು. “ಅದು ಯಾರದು?”

ಪೇದೆ ತಲೆ ಕೆಳಗೆ ಹಾಕಿದ. ಬೆಳಗಿನ ಹುರುಪಿನಲ್ಲಿ ಸಾಲಾಗಿ ತೆಗೆಯುತ್ತ ಹೋಗಿ ತನ್ನ ಗಾಡಿಯದ್ದನ್ನೂ ತೆಗೆದುಬಿಟ್ಟಿದ್ದ.

ಆತ ಬಂದು ಸರತಿಯ ಕೊನೆಗೆ ನಿಂತ. ಅವನಿಗೂ ಹಾಕಿಕೊಟ್ಟೆ. ಅವನ ಪಾಳಿ ಬಂದ ಮೇಲೆ.

ಸತ್ತಿದ್ದರೆ ಕೊಡಬಹುದಿತ್ತು

ಕಚೇರಿಯಲ್ಲಿ ಪಾಸ್ ಕೊಡುವವನು ಗಾಜಿನ ಆಚೆ ಕುಳಿತಿದ್ದ. ಸೌಮ್ಯ ಮನುಷ್ಯ. ಗಾಜಿಗೆ ಬಾಯಿ ಹಚ್ಚಿ ಮಾತಾಡುತ್ತಿದ್ದ.

“ವಯಸ್ಸು ಎಷ್ಟ್ರಿ? ಅರವತ್ತೈದು ದಾಟಿದವರು ಹೊರಗ ಬರಬಾರದು.”

“ಆಗಿಲ್ಲ.”

“ಯಾವಾಗ ಆಗ್ತೈತಿ?”

“ಆದ ದಿನ ಮನ್ಯಾಗ ಕುಂದರ್ತೇನಿ.”

“ಕಾರಣ ಏನ್ರಿ?”

“ಮಾವ ಬಿದ್ದಾರ. ಬ್ಯಾಡಗಿ. ಮಾತಾಡ್ಸಾಕ ಹೋಗಬೇಕು.”

ಅವನ ಮುಖ ಇಳಿಯಿತು. “ಅಯ್ಯ, ಮಾತಾಡ್ಸಾಕ ಹೋಗಾಕಬೇಕ್ರಿ, ಖರೇ. ಇಲ್ಲಾಂದ್ರ ಹೆಂಗ?” ಎಂದು ಕಾರಣಗಳ ಪಟ್ಟಿಯಲ್ಲಿ ಹುಡುಕಿದ. ಹಾಲು ಇತ್ತು, ಔಷಧ ಇತ್ತು, ಕಾಯಿಪಲ್ಲೆ ಇತ್ತು, ಹೆರಿಗೆ ಇತ್ತು, ಸತ್ತವರ ಮಣ್ಣು ಇತ್ತು. ಮಾತಾಡಿಸುವುದು ಇರಲಿಲ್ಲ.

“ಮಣ್ಣಿಗೆ ಹೋಗೂದಿದ್ರ ಈಗ ಕೊಡ್ತಿದ್ನಿ ನೋಡ್ರಿ. ಕಾಲು ಮುರದದ್ದಕ್ಕ ಇಲ್ಲ.” ಸ್ವಲ್ಪ ಹತ್ತಿರ ಬಗ್ಗಿದ. “ಮಾವಾರು ಹೆಂಗ ಅದಾರ್ರಿ?”

“ಗಟ್ಟಿ ಅದಾರ.”

“ಊಟ?”

“ಮೂರು ಹೊತ್ತು.”

“ಹಂಗಾರ ಕಷ್ಟರಿ” ಎಂದು ನಿಜವಾಗಿಯೂ ಮರುಗಿದ.

ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿದೆ. ಹೇಳಿದೆ.

“ಅಷ್ಟ ಹೌದಿಲ್ಲೋ? ಸತ್ತಾರ ಅಂತ ಬರಸು!” ಎಂದಳು.

“ಸುಳ್ಳ ಬರಸೂದಿಲ್ಲ.”

“ಇವರನ್ನ ಕೇಳ್ತೇನಿ ತಡಿ.” ಆ ಕಡೆ ಏನೋ ಗುಜುಗುಜು ಆಯಿತು. ಅಕ್ಕ ಮರಳಿ ಬಂದಳು. “ಅವರದೇನೂ ತಕರಾರಿಲ್ಲಂತ. ಆದ್ರ ಸತ್ತ ಮ್ಯಾಲೂ ನೀ ಸೈಕಲ್ ಮ್ಯಾಲ ಬಂದ್ರ ಮರ್ಯಾದಿ ಹೋಗ್ತೈತಿ ಅಂದ್ರು.”

ನಾನು ಒಳಗೆ ಹೋಗಿ ಕಾಯಿಪಲ್ಲೆ ಮಾರುವ ಪಾಸ್ ಕೇಳಿದೆ. ಜಿಲ್ಲೆಯೊಳಗೆ ಎಲ್ಲಿ ಬೇಕಾದರೂ ಮಾರಬಹುದಿತ್ತು.

“ಖರೇನ ಮಾರ್ತೀರಿ?” ಎಂದ.

“ಪಾಸ್ ತಗೊಂಡವ ಮಾರಬೇಕು.”

ಮಾರಿದೆ. ತೋರಿಕೆಗೆ ಬುಟ್ಟಿ ಕಟ್ಟಿಕೊಂಡು ತಿರುಗುವುದು ನನ್ನಿಂದ ಆಗದು. ಮೊದಲು ಹಾವೇರಿಯಲ್ಲಿ ಮಾರಿ ಕಲಿಯಬೇಕು, ಆಮೇಲೆ ಬ್ಯಾಡಗಿ ಎಂದುಕೊಂಡೆ. ಮನೆಯಾಕೆ ಬುಟ್ಟಿ ನೋಡಿದಳು, ನನ್ನ ಮುಖ ನೋಡಿದಳು. “ಮಾರೂಮುಂದ ಬಾಯಿ ತಗೀಬೇಕಾಗ್ತೈತಿ, ಗೊತ್ತೈತಿಲ್ಲೋ?” ಎಂದಳು.

ಸ್ಟಾಪು

ಬಾಯಿ ತೆಗೆಯಲಿಲ್ಲ. ಬೆಲ್ ಬಾರಿಸಿದೆ.

ಮೊದಲ ಓಣಿಯಲ್ಲಿ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದಳು.

“ಯಜಮಾನ್ರ, ಏನ ಮಾರಾಕತ್ತೀರಿ?”

“ಕಾಣ್ತೈತಿ.”

“ಬದನಿಕಾಯಿ ಹೆಂಗ ಕೊಟ್ರಿ?”

ಹೇಳಿದೆ.

“ಕಮ್ಮಿ ಮಾಡ್ರಿ.”

“ಇಲ್ಲ.”

“ಹಂಗಾರ ಬ್ಯಾಡ ಬಿಡ್ರಿ.”

“ಬಿಟ್ಟೆ.”

ಹೊರಟೆ. ಆಕೆ ಅಲ್ಲೇ ನಿಂತಳು. ಮಾರುವವನು ಎರಡು ಹೆಜ್ಜೆ ಹೋಗಿ ತಿರುಗಿ ಬರಬೇಕು ಎಂಬ ಪದ್ಧತಿ ಇದೆಯಂತೆ. ಆ ಕೆಲಸಕ್ಕೆ ಹೊಸಬನಾದ ನನಗೆ ಗೊತ್ತಿರಲಿಲ್ಲ.

ಮುಂದಿನ ಮನೆಯವರು ಕೈ ಮಾಡಿದರು. ನಿಲ್ಲಿಸಲಿಲ್ಲ. ಓಣಿ ಸಣ್ಣದು. ನಡುವೆ ನಿಂತರೆ ದಾರಿ ಕಟ್ಟುತ್ತದೆ. ಆಂಬುಲೆನ್ಸ್ ಬಂದರೆ ಏನು ಗತಿ? ಓಣಿ ಮುಗಿಯುವಲ್ಲಿ ಬೇವಿನ ಮರ ಇತ್ತು, ಜಾಗ ಅಗಲ ಇತ್ತು. ಅಲ್ಲಿ ಎಡಗೈ ತೋರಿಸಿ, ಬದಿಗೆ ಸರಿದು, ನಿಲ್ಲಿಸಿದೆ. ಚೀಲ ಹಿಡಿದವರು ಹಿಂದಿನಿಂದ ಓಡಿ ಬಂದರು. ಎಲ್ಲರಿಗಿಂತ ಕೊನೆಗೆ ಒಬ್ಬ ಅಜ್ಜಿ ಬಂದಳು, ಏದುಸಿರು ಬಿಡುತ್ತ. ಬಂದವಳೇ ಮಾಸ್ಕಿನ ಮೇಲಿನ ಕಣ್ಣು ನೋಡಿದಳು.

“ಏ ಡ್ರೈವರ್! ಗುರುತ ಹಿಡದ್ನಿ ನಿನ್ನ! ಬಸ್ ಇದ್ದಾಗೂ ಕೈ ಮಾಡಿದ್ರ ನಿಂದರತಿದ್ದಿಲ್ಲ. ಈಗ ಬದನಿಕಾಯಿ ಇಟ್ಕೊಂಡೂ ನಿಂದ್ರೂದಿಲ್ಲಲ್ಲೋ!”

“ಸ್ಟಾಪ್ ಇಲ್ಲಿ ಐತಿ.”

“ಯಾರಪ್ಪ ಮಾಡಿದ್ದು ಸ್ಟಾಪು?”

“ನಾ.”

ಎಲ್ಲರೂ ಬೈದರು. ಬೈಯುತ್ತಲೇ ಕೊಂಡರು.

ಮರುದಿನ ನಾನು ಓಣಿಗೆ ತಿರುಗುವ ಮೊದಲೇ ಬೇವಿನ ಮರದ ಕೆಳಗೆ ಹೆಂಗಸರು ಸಾಲಾಗಿ ನಿಂತಿದ್ದರು. ಮೂರು ಅಡಿ ಅಂತರ, ಕೈಯಲ್ಲಿ ಚೀಲ. ಆ ಶಿಸ್ತನ್ನು ಮೈಕಿನಲ್ಲಿ ಕೂಗಿ ಕೂಗಿ ಯಾರೂ ತಂದಿರಲಿಲ್ಲ. ನನಗೆ ಸ್ವಲ್ಪ ಹೆಮ್ಮೆ ಎನಿಸಿತು.

ಸೈಕಲ್ ನಿಲ್ಲಿಸುವಷ್ಟರಲ್ಲಿ ಮುಂದೆ ನಿಂತಿದ್ದ ಅಜ್ಜಿ ಕೂಗಿದಳು. “ಕುಂದ್ರಾಕ ಸೀಟ್ ಅದಾವೇನೋ?”

ಕೆಂಪು

ಹಾವೇರಿಯಲ್ಲಿ ಕಾಯಿಪಲ್ಲೆ ಸಗಟು ವ್ಯಾಪಾರ ಔಷಧ ಸಿಂಪಡಿಸಲೆಂದು ಬಂದ್ ಆಯಿತು. ಅಕ್ಕ ದಿನಾ ಫೋನ್ ಮಾಡುತ್ತಿದ್ದಳು. “ಇವತ್ತೂ ಕೇಳಿದ್ರು, ಬಂದನೇನು ನಿನ್ನ ತಮ್ಮ ಅಂತ. ನಾ ಅಡಗಿಮನ್ಯಾಗ ಹೋಗಿ ಕುಂತೆ” ಎಂದಳು. ಇನ್ನು ಕಾಯಬಾರದು. ರಾಣೇಬೆನ್ನೂರಿಗೆ ಹೋಗಿ ಮಾಲು ತುಂಬಿಕೊಂಡು, ಒಳದಾರಿಯಿಂದ ಬ್ಯಾಡಗಿಗೆ ಹೋಗುವುದು ಎಂದು ಮಾಡಿದೆ.

ಬೆಳಕು ಹರಿಯುವ ಮೊದಲೇ ಹೊರಟೆ. ಮುಂದೆ ದೀಪ, ಹಿಂದೆ ಕೆಂಪು ಬಿಲ್ಲೆ. ಹೆದ್ದಾರಿ ನುಣ್ಣಗೆ ಖಾಲಿ. ಇಷ್ಟು ವರ್ಷ ಲಾರಿಗಳ ನಡುವೆ ಬಸ್ಸು ತೂರಿಸಿದ ದಾರಿಯಲ್ಲಿ ನಾಯಿಯೂ ಇರಲಿಲ್ಲ. ಆದರೂ ತಿರುಗುವಲ್ಲಿ ಕೈ ತೋರಿಸಿದೆ. ಯಾರಿಗೆ ಎಂದು ಕೇಳಬೇಡಿ. ಕೈಗೆ ಅಭ್ಯಾಸ.

ರಾಣೇಬೆನ್ನೂರಿನಲ್ಲಿ ಬದನೆಕಾಯಿ, ಹೀರೇಕಾಯಿ, ಟೊಮ್ಯಾಟೊ ತುಂಬಿಕೊಂಡು ಹೊರಬಿದ್ದೆ. ಸರ್ಕಲ್ಲಿನಲ್ಲಿ ಸಿಗ್ನಲ್ ಕೆಂಪು ಇತ್ತು. ನಿಂತೆ.

ಕೆಂಪು ಹೋಗಲಿಲ್ಲ.

ನಾನೂ ಹೋಗಲಿಲ್ಲ.

ಹಿಂದೆ ಹಾಲಿನ ಟೆಂಪೊ ಬಂದು ನಿಂತಿತು. ಮುಂದಿನವ ನಿಂತಿದ್ದಾನೆಂದರೆ ಏನೋ ಇರಬೇಕು ಎಂದುಕೊಂಡಿರಬೇಕು. ಅದರ ಹಿಂದೆ ಗ್ಯಾಸ್ ಸಿಲಿಂಡರಿನ ಗಾಡಿ. ಆಮೇಲೆ ಪೊಲೀಸ್ ಜೀಪು. ಜೀಪಿನ ಮೈಕಿನಲ್ಲಿ ದನಿ ಬಂತು.

“ಮುಂದ ಸೈಕಲ್ ಮ್ಯಾಲಿನ ಯಜಮಾನ್ರ, ಯಾಕ ನಿಂತೀರಿ?”

ನಾನು ಮೇಲೆ ಕೈ ತೋರಿಸಿದೆ.

“ಸಿಗ್ನಲ್ ಕೆಟ್ಟೈತ್ರಿ. ಲಾಕ್‌ಡೌನಿಗೂ ಮೊದಲಿಂದ ಕೆಟ್ಟೈತಿ. ಹೋಗ್ರಿ!”

“ಕೆಂಪೈತಿ.”

“ನಾ ಪೊಲೀಸ್ ಹೇಳಾಕತ್ತೇನಿ, ಹೋಗ್ರಿ ಅಂತ!”

“ಇಳದು ಮುಂದ ಬಂದು ಕೈ ಮಾಡ್ರಿ. ಹೋಗ್ತೇನಿ.”

ಸಿಗ್ನಲ್ ಕೆಟ್ಟಾಗ ಪೊಲೀಸರು ಎದುರು ನಿಂತು ಕೈ ತೋರಿಸಬೇಕು. ಒಳಗೆ ಕುಳಿತು ಮೈಕಿನಲ್ಲಿ ಹೇಳುವುದಕ್ಕೆ ಕೈ ಇರುವುದಿಲ್ಲ. ಸಾಹೇಬರು ಇಳಿಯಲಿಲ್ಲ. ಬಿಸಿಲು ಏರುತ್ತಿತ್ತು, ಟೊಮ್ಯಾಟೊ ಮೆತ್ತಗಾಗುತ್ತಿದ್ದವು, ಬ್ಯಾಡಗಿ ದೂರ ಇತ್ತು. ಕೊನೆಗೆ ನಾನು ಸೈಕಲ್ಲಿನಿಂದ ಇಳಿದೆ. ಎರಡೂ ಕಡೆ ನೋಡಿದೆ. ಸೈಕಲ್ ದೂಡಿಕೊಂಡು, ನಡೆಯುವವರ ಬಿಳಿಪಟ್ಟಿಯ ಮೇಲೆ ನಡೆದು ದಾಟಿದೆ. ಕೆಂಪು ಇರುವುದು ಗಾಡಿ ಹೊಡೆಯುವವನಿಗೆ. ನಡೆಯುವವನಿಗೆ ಅಲ್ಲಿ ಬೇರೆ ದೀಪ ಇರಲಿಲ್ಲ.

ಆಚೆ ಹೋಗಿ ತಿರುಗಿ ನೋಡಿದೆ. ಟೆಂಪೊದವನೂ ಸಿಲಿಂಡರಿನವನೂ ಹಾಗೇ ನಿಂತಿದ್ದರು. ಹಿಂದೆ ಪೊಲೀಸ್ ಇರುವಾಗ ಕೆಂಪು ದಾಟುವ ಧೈರ್ಯ ಯಾರಿಗಿದೆ? ಜೀಪಿನ ಡ್ರೈವರ್ ಮಾತ್ರ ಕೆಳಗಿಳಿದಿದ್ದ. ಮೈಕು ಇನ್ನೂ ಚಾಲೂ ಇತ್ತು. ಅವನ ಪ್ರಶ್ನೆ ಇಡೀ ಸರ್ಕಲ್ಲಿಗೆ ಕೇಳಿತು.

“ನಾವೂ ದೂಡೂನೇನ್ರಿ ಸರ್?”

ಮುಳ್ಳಿನ ಆಚೆ

ಒಳದಾರಿಯಲ್ಲಿ ಒಂದು ಹಳ್ಳಿ. ಹೆಸರು ಬೇಡ, ಒಳ್ಳೆಯ ಜನ. ಆ ದಿನಗಳಲ್ಲಿ ಎಲ್ಲ ಹಳ್ಳಿಗಳೂ ಮಾಡಿದಂತೆ ಅವರೂ ರಸ್ತೆಗೆ ಜಾಲಿಮುಳ್ಳು ಹಾಕಿ ಕಟ್ಟಿದ್ದರು. ಆಚೆ ಒಬ್ಬ ಹಿರಿಯ, ತಲೆಗೆ ರುಮಾಲು, ಕೈಯಲ್ಲಿ ತನಗಿಂತ ಉದ್ದದ ಬಿದಿರ ಕೋಲು.

“ನಿಂದ್ರು! ಯಾವೂರು?”

“ಹಾವೇರಿ.”

“ಎಲ್ಲಿಂದ ಬಂದಿ?”

“ರಾಣೇಬೆನ್ನೂರು.”

“ಎಲ್ಲಿಗೆ?”

“ಬ್ಯಾಡಗಿ.”

“ಮೂರೂ ಊರಿನ ರೋಗ ಕಟ್ಕೊಂಡು ನಮ್ಮೂರಾಗ ಹಾಯ್ತೀಯೇನು? ಬಿಡೂದಿಲ್ಲ.”

“ಪಾಸ್ ಐತಿ. ರಸ್ತೆ ಸರಕಾರದ್ದು.”

“ರಸ್ತೆ ಸರಕಾರದ್ದು, ಹೌದು. ನಾವು ಸತ್ರ ಹೊರಾವ್ರು ಯಾರು, ಸರಕಾರದವ್ರ?”

ಅವನ ಮಾತೂ ನ್ಯಾಯವೇ. ಸೈಕಲ್ ನೆರಳಿಗೆ ಒಯ್ದು ನಿಲ್ಲಿಸಿದೆ. ಏನು ಮಾಡುವುದು ಎಂದು ನಿಂತೆ.

“ಬ್ಯಾಡಗ್ಯಾಗ ಯಾರ ಅದಾರ?” ಎಂದ ಹಿರಿಯ.

“ಅಕ್ಕ. ಮಾವ ಬಿದ್ದಾರ. ಮಾರಿಕೊಂತ ಹೋಗಿ ಮಾತಾಡ್ಸಬೇಕು.”

ಕೋಲು ಕೆಳಗೆ ಬಂತು. “ಅಯ್ಯಯ್ಯ, ಮಾತಾಡ್ಸಾಕ ಹೊಂಟೀರಿ? ಇದನ್ನ ಮೊದಲ ಹೇಳಬಾರದೇನ್ರಿ?” ನಿಂತಲ್ಲೇ ‘ನೀನು’ ಹೋಗಿ ‘ನೀವು’ ಬಂತು.

“ಬಿಡ್ತೀರಿ ಹಂಗಾರ?”

“ಬಿಡೂದಿಲ್ರಿ. ಆದ್ರ ಹೊತ್ತಿನ ಮ್ಯಾಲ ಬಂದವರನ್ನ ಉಣ್ಣದ ಕಳಸೂದಿಲ್ಲ.”

ಊರೊಳಗೆ ಕೂಗಿದ. ಒಬ್ಬ ಹೆಣ್ಣುಮಗಳು ರೊಟ್ಟಿ ತಂದಳು. ಆತ ಅರಿವೆಯಲ್ಲಿ ರೊಟ್ಟಿ, ಝುಣಕ, ಒಂದು ಉಳ್ಳಾಗಡ್ಡಿ ಕಟ್ಟಿ, ಗಂಟನ್ನು ಅದೇ ಕೋಲಿನ ತುದಿಗೆ ಸಿಕ್ಕಿಸಿ ಮುಳ್ಳಿನ ಮೇಲಿಂದ ನನ್ನ ಕಡೆ ಚಾಚಿದ. ನಾನು ದೂರ ಕುಳಿತು, ಕೈ ತೊಳೆದು, ಮಾಸ್ಕ್ ತೆಗೆದು ಉಂಡೆ. ರೊಟ್ಟಿ ಮುಗಿಯುವುದರೊಳಗೆ ಕೋಲು ಮತ್ತೆ ಬಂತು.

“ಸಾಕು” ಎಂದೆ.

“ಇನ್ನೊಂದು.”

“ಬ್ಯಾಡ.”

ಕೋಲು ಅಲ್ಲಾಡಿತು. “ತಿನ್ರಿ ಅಂದ್ರ ತಿನ್ರಿ!”

ತಿಂದೆ. ಅಷ್ಟರಲ್ಲಿ ಮುಳ್ಳಿನ ಆಚೆ ಜನ ಸೇರಿದರು. ಒಬ್ಬೊಬ್ಬರೂ ಕೇಳಿದರು, ಹೆಂಗ ಬಿದ್ರು ನಿಮ್ಮ ಮಾವಾರು. ಗೊತ್ತಿದ್ದಷ್ಟು ಹೇಳಿದೆ. ತಡವಾಗಿ ಬಂದವರು ಮೊದಲಿನಿಂದ ಕೇಳಿದರು. ಮತ್ತೆ ಹೇಳಿದೆ. ಕೆಲವರು ಕಣ್ಣೊರೆಸಿಕೊಂಡರು. ಮಾವನನ್ನು ಮಾತಾಡಿಸಲು ಹೊರಟವನನ್ನು ಒಂದು ಊರೇ ನಿಂತು ಮಾತಾಡಿಸಿತು. ನಾನು ಜೀವಮಾನದಲ್ಲಿ ಅಷ್ಟು ಮಾತಾಡಿರಲಿಲ್ಲ.

ಅವರು ಬದನೆಕಾಯಿಯನ್ನೂ ಕೊಂಡರು, ಅದೂ ಕೋಲಿನ ಮೇಲೆಯೇ ಹೋಯಿತು. ಅಷ್ಟರಲ್ಲಿ ಪಾಸಿನಲ್ಲಿ ಬರೆದಿದ್ದ ಮಾರುವ ಹೊತ್ತು ಮುಗಿದಿತ್ತು. ಇನ್ನು ಬ್ಯಾಡಗಿಗೆ ಹೋದರೆ ಕಾಯ್ದೆ ಮುರಿದಂತೆ. ಸೈಕಲ್ ಹಾವೇರಿಯ ಕಡೆ ತಿರುಗಿಸಿದೆ.

ಹಿಂದಿನಿಂದ ಹಿರಿಯ ಕೂಗಿದ. “ನಾಳಿ ತಪ್ಪದ ಬರ್ರಿ ಯಜಮಾನ್ರ! ನಾಳಿನೂ ಬಿಡೂದಿಲ್ಲ. ಆದ್ರ ನಮ್ಮ ಮನ್ಯಾಗ ನಾಳಿ ಹೋಳಿಗಿ!”

ದರ ಕುದುರದ ಕಾಯಿ

ಮರುದಿನ ಹಾವೇರಿಯಲ್ಲಿ ಮಾಲು ಸಿಕ್ಕಿತು. ಮೋಟೆಬೆನ್ನೂರಿನ ಮೇಲಿಂದ ದೊಡ್ಡ ದಾರಿಯಲ್ಲೇ ಹೋದೆ. ಯಾರೂ ತಡೆಯಲಿಲ್ಲ, ಯಾರೂ ಉಣ್ಣಿಸಲಿಲ್ಲ. ಬ್ಯಾಡಗಿ ಮುಟ್ಟಿದೆ.

ಅಕ್ಕನ ಓಣಿಯ ಬಾಯಿಗೆ ಒಬ್ಬ ಪೇದೆ ಕುರ್ಚಿ ಹಾಕಿಕೊಂಡಿದ್ದ. ಪಾಸ್ ನೋಡಿದ. “ವ್ಯಾಪಾರ ನಡದಷ್ಟೊತ್ತು ನಿಂದ್ರಬಹುದು. ಮುಗೀತು, ಹೊಂಡಬೇಕು. ಹರಟಿ ಹೊಡಕೊಂತ ನಿಂತ್ರ ಪಾಸ್ ಕಸಗೊಂತೇನಿ. ಬೀಗರು ಬಿಜ್ಜರು ಅಂತ ಯಾರ ಮನಿಯೊಳಗೂ ಹೋಗಂಗಿಲ್ಲ.”

“ಸರಿ” ಎಂದೆ. ಇಲ್ಲಿ ನಿನ್ನ ಬೀಗರಿದ್ದಾರೋ ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ.

ಅಕ್ಕನ ಮನೆ ಮುಂದೆ, ದಾರಿಯಿಂದ ಬದಿಗೆ, ನಿಲ್ಲಿಸಿದೆ. ಬೆಲ್ ಬಾರಿಸಿದೆ. ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಮಂಚ, ಮಂಚದ ಮೇಲೆ ಮಾವ, ದಿಂಬಿನ ಮೇಲೆ ಬಿಳಿ ಪಟ್ಟಿಯ ಕಾಲು. ಅಕ್ಕ ಸೆರಗು ಮೂಗಿಗೆ ಕಟ್ಟಿಕೊಂಡು ಕಟ್ಟೆಗೆ ಬಂದಳು. ನನ್ನನ್ನು ನೋಡಿ ಅವಳ ಕಣ್ಣು ತುಂಬಿತು. ಓಣಿಯ ಬಾಯಿಗಿದ್ದ ಪೇದೆಯನ್ನು ನೋಡಿದಳು. ಕಣ್ಣು ಒಣಗಿತು.

“ಏನೇನ ತಂದೀರಿ ಯಜಮಾನ್ರ?” ಎಂದಳು, ಓಣಿಗೆಲ್ಲ ಕೇಳುವಂತೆ.

ತೋರಿಸಿದೆ. ಒಳಗೆ ನೋಡಿ ದನಿ ಎತ್ತಿದೆ. “ಹೆಂಗ ಬಿದ್ರಿ?”

ಮಾವ ತಲೆ ಎತ್ತಿದರು. ಅವರಿಗೆ ಅಷ್ಟೇ ಬೇಕಿತ್ತು. “ಏನ ಹೇಳೂದ್ರಿ! ಮುಂಜಾನೆದ್ದು ಮಾಳಿಗಿ ಮ್ಯಾಲ ಮೆಣಸಿನಕಾಯಿ ಹರವಾಕ ಹೋಗಿದ್ನಿ…” ಎಂದು ಮೊದಲಿನಿಂದ ಹಿಡಿದರು. ಎಡಗಾಲು ಯಾವ ಪಾವಟಿಗೆಯ ಮೇಲಿತ್ತು, ಬಲಗಾಲು ಏನು ಮಾಡಿತು, ಪಕ್ಕದ ಮನೆಯ ಬೆಕ್ಕು ಎಲ್ಲಿ ಕುಳಿತಿತ್ತು, ಎಲ್ಲ ಬಂತು. ನಾನು ನಡುನಡುವೆ ಕೇಳಿದೆ. ನೋವು ಐತೇನ್ರಿ, ನಿದ್ದಿ ಬರ್ತೈತೇನ್ರಿ, ಊಟ ಹೋಗ್ತೈತೇನ್ರಿ. ಅಕ್ಕ ಅಷ್ಟೊತ್ತೂ ಚೌಕಾಶಿ ಮಾಡುತ್ತಿದ್ದಳು. ಮಾವನ ಕತೆ ಉದ್ದ ಇದ್ದುದರಿಂದ ಒಂದೊಂದೇ ಕಾಯಿ ಆರಿಸಿದಳು.

ತೊಂದರೆ ಬೇರೆ ಕಡೆಯಿಂದ ಬಂತು. ನೆರೆಮನೆಯವರೆಲ್ಲ ತಮ್ಮ ತಮ್ಮ ಕಟ್ಟೆಯಿಂದ ಕೂಗಿ ಕೊಳ್ಳತೊಡಗಿದರು. ಮಾಲು ಖಾಲಿಯಾಗುತ್ತ ಬಂತು. ಮಾವ ಇನ್ನೂ ಅರ್ಧ ಪಾವಟಿಗೆ ಇಳಿದಿದ್ದರು, ಅಷ್ಟರಲ್ಲಿ ಬುಟ್ಟಿಯಲ್ಲಿ ಒಂದು ಬದನೆಕಾಯಿ ಉಳಿಯಿತು.

ಪೇದೆ ಎದ್ದು ಬಂದ. “ಮುಗೀತಿಲ್ಲೋ? ಹೊಂಡ್ರಿ.”

“ಒಂದು ಉಳದೈತಿ.”

“ಅದನ್ನ ಆ ಅವ್ವಾರಿಗೆ ಕೊಟ್ಟು ಹೊಂಡ್ರಿ.”

“ದರ ಕುದರಿಲ್ಲ.”

ಅಕ್ಕ ತಕ್ಷಣ ಹಿಡಿದಳು. “ಹೆಂಗ ಕುದರ್ತೈತಿ? ಸತ್ತಂಗ ಐತಿ ಕಾಯಿ. ಅರ್ಧಾ ದರಕ್ಕ ಕೊಡ್ರಿ.”

“ಕೊಡೂದಿಲ್ಲ.”

“ಮುಕ್ಕಾಲಿಗೆ?”

“ಕೊಡೂದಿಲ್ಲ.”

“ತೊಟ್ಟ ಕಪ್ಪಾಗೈತಿ.”

“ನಿಮ್ಮ ಕಣ್ಣ ಕಪ್ಪಾಗೈತಿ.”

ಮಾವ ಒಳಗಿಂದ ನಕ್ಕರು, ಬಿದ್ದ ಮೇಲೆ ಮೊದಲ ಸಲ ನಕ್ಕದ್ದಂತೆ. ನಗುತ್ತಲೇ ಆಸ್ಪತ್ರೆಯ ಕತೆ ಶುರು ಮಾಡಿದರು. ನಾವು ಒಂದು ಬದನೆಕಾಯಿಯ ಮೇಲೆ ಅದನ್ನೂ ಮುಗಿಸಿದೆವು. ಅಕ್ಕಪಕ್ಕದ ಕಟ್ಟೆಯವರು ಎರಡು ಪಕ್ಷವಾದರು. ಪೇದೆಗೆ ತಡೆಯಲಾಗಲಿಲ್ಲ.

“ತರ್ರಿ ಇಲ್ಲಿ, ಆ ಸುಡಗಾಡ ಕಾಯಿ ನಾ ತಗೊಂತೇನಿ! ನೀವು ಹೇಳಿದಷ್ಟ ಕೊಡ್ತೇನಿ!”

ಅಕ್ಕ ಕಟ್ಟೆಯಿಂದ ಒಂದು ಮೆಟ್ಟಿಲು ಇಳಿದಳು. “ಏನ್ರಿ? ನಾ ಮೊದಲ ಕೇಳಿದ ಕಾಯಿ ನೀವು ಹೆಂಗ ತಗೊಂತೀರಿ? ಇದ ಏನ್ರಿ ನಿಮ್ಮ ಕಾಯ್ದೆ?”

ಪೇದೆ ನನ್ನ ಕಡೆ ನೋಡಿದ. ನಾನು ಹೌದು ಎಂದು ತಲೆ ಹಾಕಿದೆ. ಮೊದಲು ಬಂದವರಿಗೆ ಮೊದಲು.

“ಹಂಗಾರ ಅವ್ವಾರ, ನಿಮ್ಮದು ಕೊನೀ ಮಾತು ಏನು?” ಎಂದು ಬೇಡಿಕೊಂಡ.

“ಒಳಗ ಹುಳ ಐತಿ. ಪುಕ್ಕಟ ಕೊಡಬೇಕು.”

“ಹುಳ ಇಲ್ಲ” ಎಂದೆ.

“ಐತಿ.”

“ಇಲ್ಲ.”

“ಕೊಯ್ದು ನೋಡ್ರಿ!” ಎಂದು ಪೇದೆ ಅರಚಿದ.

ಅಕ್ಕ ಈಳಿಗೆ ತಂದಳು. ಓಣಿ ಉಸಿರು ಹಿಡಿಯಿತು. ಕೊಯ್ದಳು.

ಹುಳ ಇತ್ತು.

ಕಟ್ಟೆಗಳ ಮೇಲೆ ಚಪ್ಪಾಳೆ ಬಿತ್ತು. ಅಕ್ಕ ಕಾಯಿ ಒಯ್ದಳು. ಅವಳ ಮುಖದಲ್ಲಿ ಮಾನ ಉಳಿದ ಸಮಾಧಾನ ಇತ್ತು, ಕಾಯಿ ಗೆದ್ದ ಸಂತೋಷವೂ ಇತ್ತು. ಯಾವುದು ಹೆಚ್ಚು ಎಂದು ಹೇಳಲಾರೆ. ನನಗೂ ಎದೆ ಹಗುರಾಯಿತು. ಹೆಂಗ ಬಿದ್ರಿ ಎಂದು ಕೇಳಿದ್ದೆ. ಮೊದಲಿನಿಂದ ಕೊನೆಯವರೆಗೆ ಕೇಳಿಸಿಕೊಂಡಿದ್ದೆ. ಮಾಸ್ಕ್ ತೆಗೆದಿರಲಿಲ್ಲ, ಹೊಸ್ತಿಲು ದಾಟಿರಲಿಲ್ಲ. ಕಾಯ್ದೆಯೂ ಉಳಿದಿತ್ತು, ಬೀಗಸ್ತನವೂ ಉಳಿದಿತ್ತು. ಸೈಕಲ್ ಹತ್ತಿದೆ. ಬಲಕ್ಕೆ ಕೈ ತೋರಿಸಿ ಓಣಿಯ ಬಾಯಿಯ ಕಡೆ ತಿರುಗಿಸಿದೆ.

ಒಳಗಿಂದ ಮಾವನ ದನಿ ಕೇಳಿತು. ಬಿದ್ದಾಗ ಅವರ ಕನ್ನಡಕವೂ ಒಡೆದಿತ್ತಂತೆ. ನನಗದು ಯಾರೂ ಹೇಳಿರಲಿಲ್ಲ. ನನ್ನ ದನಿಯನ್ನಂತೂ ಅವರು ಇಷ್ಟು ವರ್ಷಗಳ ಬೀಗಸ್ತನದಲ್ಲಿ ಕೇಳಿದ್ದೇ ಕಡಿಮೆ.

“ಬಾಳ ಛಲೋ ಮನಶ್ಯಾ ನೋಡ ಇಂವ. ಗುರುತಿಲ್ಲ ಪರಿಚಯಿಲ್ಲ, ಕಾಯಿಪಲ್ಲೆ ಮಾರಾಂವ ಸೈತ ನಿಂತು ಹೆಂಗ ಬಿದ್ರಿ ಅಂತ ಕೇಳಿದ. ಏನ ಮಾತು, ಏನ ಮಾತು! ನಿನ್ನ ತಮ್ಮ ಅದಾನಲ್ಲ, ಇನ್ನೂ ಬರಲಿಲ್ಲ!”

ಬುಟ್ಟಿ ಖಾಲಿ ಇತ್ತು. ಖಾಲಿ ಬುಟ್ಟಿಯವನು ತಿರುಗಿ ಹೋಗಿ ನಿಲ್ಲುವಂತಿರಲಿಲ್ಲ.

ಮರುದಿನ ಎರಡು ಬುಟ್ಟಿ ಕಟ್ಟಿದೆ.